ತೋಳದ ಬಾಯಿಗೆ ಕೊನೆಯ ತುತ್ತು

ನನ್ನ ಗಂಡ ಉರ್ಬಾನನಿಗೆ ಜಿಂಕೆಗಳ ಮೇಲಿದ್ದ ಅಕ್ಕರೆಯಲ್ಲಿ ಅರ್ಧ ನನ್ನ ಮೇಲಿದ್ದರೂ ಸುಖವಾಗಿರುತ್ತಿದ್ದೆ. ಹಿಮ ಬಿದ್ದರೆ ಸಾಕು, ಬೇಟೆಗಾರರ ಸಂಘದ ಮುಖ್ಯಸ್ಥನೆಂಬ ಗತ್ತಿನಲ್ಲಿ ಹುಲ್ಲು, ಮೆಕ್ಕೆಜೋಳ ಹೊತ್ತು ಗುಡ್ಡ ಹತ್ತುತ್ತಿದ್ದ. ಚಳಿಗೆ ಸಾಯಬೇಕಾದವೂ ಬದುಕಿ, ಮರಿ ಹಾಕಿ, ಗುಡ್ಡದ ತುಂಬ ಜಿಂಕೆಯೇ ಆಯಿತು. ಹುಲ್ಲು ತಿಂದ ಮೇಲೆ ಬಾಯಿರುಚಿಗೆ ಅವಕ್ಕೆ ಸೂಜಿಯೆಲೆಯ ಫರ್ ಮರದ ಸಸಿಯ ಕುಡಿ ಬೇಕು. ಬೀಚ್ ಮರದ ಸಸಿಯನ್ನಾದರೂ ಮೂಸಿ ಮುಂದೆ ಹೋಗುತ್ತವೆ, ಫರ್ ಕಂಡರೆ ಬಿಡುವುದಿಲ್ಲ.

ಕಾಡಿನ ಮುದಿ ಫರ್ ಮರಗಳು ಒಂದೊಂದಾಗಿ ಒಣಗುತ್ತಿದ್ದವು, ಕೆಳಗೆ ಎಳೆಯದು ಒಂದೂ ಇರಲಿಲ್ಲ. ಅಪ್ಪ ಸಾಯುವ ಮುಂಚೆ ನಮ್ಮ ಮನೆಯ ಹಿಂದಿನ ಇಳಿಜಾರಿನಲ್ಲಿ ಸಾಲಾಗಿ ಸಸಿ ನೆಟ್ಟಿದ್ದ. ಉಳಿದದ್ದು ಒಂದು. ಅದೂ ಜಿಂಕೆ ಮೇಯ್ದು ಮೇಯ್ದು ಮೊಣಕಾಲೆತ್ತರಕ್ಕೇ ನಿಂತಿತ್ತು. ತಂತಿಬೇಲಿ ಹಾಕುತ್ತೇನೆಂದರೆ ಗಂಡ ಬಿಡಲಿಲ್ಲ.

"ಪಾಪ, ಕೊಂಬು ಸಿಕ್ಕಾಕ್ಕೊಂಡ್ರೆ ಏನ್ ಗತಿ?"

"ನನ್ನ ಸಸಿ ಗತಿ?"

"ಗುಡ್ಡದ ತುಂಬ ಮರ ಇದಾವಲ್ಲೇ ನೆಝಾ. ಒಂದು ಕಡ್ಡಿಗೆ ಇಷ್ಟು ಅಳ್ತೀಯಲ್ಲ!"

ಆಮೇಲೆ ಗಡಿಯಾಚೆ ಕ್ರೊವೇಷಿಯಾ ಕಡೆಯಿಂದ ಒಂದು ಜೋಡಿ ತೋಳ ಬಂದು ಮೇಲಿನ ಬಂಡೆಗಳ ನಡುವೆ ನೆಲೆಯೂರಿದವು. ಯಜಮಾನನಿಲ್ಲದ ಮನೆಗೆ ಯಜಮಾನ ಬಂದ ಹಾಗಾಯಿತು. ಜಿಂಕೆಗಳು ಒಂದೇ ಕಡೆ ನಿಂತು ಮೇಯುವುದನ್ನು ಬಿಟ್ಟವು. ಎರಡು ಬಾಯಿ ತಿನ್ನುವುದು, ತಲೆಯೆತ್ತುವುದು, ಓಡುವುದು. ತೋಳ ಬಿಟ್ಟದ್ದರಲ್ಲಿ ನರಿಗೂ ಕರಡಿಗೂ ಪಾಲು ಸಿಕ್ಕಿತು. ನನ್ನ ಸಸಿಗೆ ಉಸಿರು ಬಂತು. ವರ್ಷ ವರ್ಷ ಏರಿ ನನ್ನ ಗಲ್ಲ ಮುಟ್ಟಿತು. ಇನ್ನೊಂದೆರಡು ವಸಂತ ಕಳೆದರೆ ಅದರ ತುದಿ ಯಾವ ಜಿಂಕೆಯ ಬಾಯಿಗೂ ಎಟುಕುವುದಿಲ್ಲ. ಬೆಳಿಗ್ಗೆ ಎದ್ದು ಅದನ್ನು ನೋಡಿದರೆ ಅಪ್ಪನನ್ನೇ ನೋಡಿದಷ್ಟು ಸಂತೋಷವಾಗುತ್ತಿತ್ತು.

ಅಷ್ಟರಲ್ಲಿ ಪಕ್ಕದ ಗಾಶ್ಪರ್ ಕುರಿಗಳನ್ನು ಬಯಲಲ್ಲಿ ಬಿಟ್ಟು ಎಲ್ಲೋ ಕುಡಿಯುತ್ತ ಕೂತ. ತೋಳ ಬಂದು ಎರಡನ್ನು ಕೊಂದವು. ಒಂದು ತೋಳ ಹೊಡೆಯಲು ಸಂಘಕ್ಕೆ ಅಪ್ಪಣೆ ಸಿಕ್ಕಿತು. ಬಂದೂಕು ಒರೆಸುತ್ತಿದ್ದ ಗಂಡನ ಎದುರು ನಿಂತೆ.

"ಹೋಗ್ಬೇಡ ಮಾರಾಯ. ತೋಳ ಇರೋದಕ್ಕೇ ಸಸಿ ಉಳಿದಿದೆ."

"ಓಹೋ, ತೋಳ ನಿನ್ನ ಕಾವಲುಗಾರನಾ? ಹಾಗಾದ್ರೆ ಸಂಬಳಾನೂ ಕೊಡು" ಎಂದು ನಕ್ಕ. "ನನ್ನ ಜಿಂಕೆ ತಿಂದು ಕೊಬ್ಬಿದಾವೆ."

"ನೀನು ಹೊಡ್ಕೊಂಡು ತಿನ್ನಲ್ವಾ?"

"ನಾನು ಸಾಕ್ತೀನಿ, ಹೊಡೀತೀನಿ. ಅವು ಏನ್ ಸಾಕ್ತವೆ?"

ಮರುದಿನ ಬೆಳಿಗ್ಗೆ ಗಂಡ ಹೊಡೆದ ಹೆಣ್ಣು ತೋಳವನ್ನು ನಮ್ಮ ಅಂಗಳಕ್ಕೆ ತಂದು ಮಲಗಿಸಿದರು. ಹೊಡೆದ ಪ್ರಾಣಿಯ ಬಾಯಿಗೆ ಹಸಿರು ಕುಡಿ ಇಡುವುದು ನಮ್ಮ ಬೇಟೆಗಾರರ ಪದ್ಧತಿ. ಅದು ಸತ್ತ ಜೀವಕ್ಕೆ ಕೊನೆಯ ತುತ್ತು. ಇನ್ನೊಂದು ಕುಡಿ ಹೊಡೆದವನ ಟೋಪಿಗೆ. ಉರ್ಬಾನನ ಮನೆತನದಲ್ಲಿ ಅದು ಫರ್ ಕುಡಿಯೇ ಆಗಬೇಕು. ಮುದಿ ಮರಗಳ ಕೊಂಬೆಗಳೋ ಆಕಾಶದಲ್ಲಿ. ಕೈಗೆಟುಕುವ ಫರ್ ಇಡೀ ಗುಡ್ಡದಲ್ಲಿ ಒಂದೇ ಒಂದು.

ಬಂದವರಿಗೆಲ್ಲ ಪ್ಲಮ್ ಹೆಂಡ ಬಗ್ಗಿಸುತ್ತಿದ್ದ ನನಗೆ ಗಂಡ ಮನೆಯ ಹಿಂದಕ್ಕೆ ಹೋದದ್ದು ಗೊತ್ತಾಗಲಿಲ್ಲ. ವಾಪಸು ಬಂದಾಗ ಅವನ ಕೈಯಲ್ಲಿ ಎರಡು ಕುಡಿಗಳಿದ್ದವು. ಎಲ್ಲರೂ ಟೋಪಿ ತೆಗೆದರು. ಅವನು ಮಂಡಿಯೂರಿ, ಭಕ್ತಿಯಿಂದ, ಒಂದನ್ನು ತೋಳದ ಹಲ್ಲುಗಳ ನಡುವೆ ಇಟ್ಟ.

"ತುದೀನೇ ಮುರಿದ್ಯಾ?" ಎಂದೆ.

"ತುದಿ ನೆಟ್ಟಗಿತ್ತು ಕಣೇ, ಟೋಪಿಗೆ ಚೆನ್ನಾಗಿ ಕೂರುತ್ತೆ. ಚಿಗುರುತ್ತೆ ಬಿಡು. ಸತ್ತ ತೋಳಕ್ಕೆ ಮರ್ಯಾದೆ ಮಾಡೋದು ಬೇಡ್ವಾ?"

ಆ ಕ್ಷಣ ಅವನನ್ನು ದ್ವೇಷಿಸಿದೆ. ಇವತ್ತಿಗೂ ಅದು ಕರಗಿಲ್ಲ.

ಸಸಿ ಚಿಗುರಿತು, ಸುಳ್ಳೇನಲ್ಲ. ವಸಂತದಲ್ಲಿ ಬದಿಯಿಂದ ಎರಡು ಎಳೆ ಕುಡಿ ಬಂದವು. ಒಂಟಿಯಾದ ಗಂಡು ತೋಳ ಅಷ್ಟರಲ್ಲಿ ಗುಡ್ಡ ಬಿಟ್ಟು ಹೋಗಿತ್ತು. ಜಿಂಕೆಗಳು ಇಳಿಜಾರಿಗೆ ಇಳಿದು, ಅವಸರವಿಲ್ಲದೆ ತಿಂದವು. ಗಂಡ ಕಿಟಕಿಯಲ್ಲಿ ನಿಂತು ಕೂಗಿದ.

"ಬಾರೇ ಇಲ್ಲಿ, ಎಷ್ಟು ಚೆನ್ನಾಗಿ ಮೇಯ್ತಿದಾವೆ ನೋಡು!"

ನಾನು ಹೋಗಲಿಲ್ಲ. ಗೂಟದ ಮೇಲಿದ್ದ ಅವನ ಟೋಪಿಯಲ್ಲಿ ಅಪ್ಪನ ಫರ್ ಕುಡಿ ಒಣಗಿ ಕೆಂಪಾಗಿತ್ತು. ನಮ್ಮ ಗುಡ್ಡದಲ್ಲಿ ಜಿಂಕೆಗೆ ಎಟುಕದೆ ಉಳಿದ ಎಳೆ ಫರ್ ಅದೊಂದೇ.