ಸೋಮವಾರದ ಸೋಬಾನೆ

ಮೂರನೆಯ ಸಲ ಒತ್ತುವ ಮುನ್ನ ಶಿವಸ್ವಾಮಿ ಮೌಸಿನಿಂದ ಕೈ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ. ಪರದೆಯ ನಡುವೆ ಕೆಂಪು ಚೌಕವೊಂದು ಕದಲದೆ ನಿಂತಿತ್ತು. ಈ ಕಂಪ್ಯೂಟರಿನಲ್ಲಿ ಈ ಪ್ಲಗಿನ್ ಬಳಸಲು ಅನುಮತಿ ಇಲ್ಲವೆಂದು ಅದು ಎರಡು ಸಲ ಹೇಳಿಯಾಗಿತ್ತು. ಮೂರನೆಯದೂ ತಪ್ಪಿದರೆ ಖಾತೆಗೆ ಇಪ್ಪತ್ತನಾಲ್ಕು ಗಂಟೆ ಬೀಗ ಬೀಳುವುದೆಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಗೋಡೆಯ ಗಡಿಯಾರದಲ್ಲಿ ಒಂದೂಮುಕ್ಕಾಲು. ಉಳಿದಿದ್ದದ್ದು ಒಂದೂಕಾಲು ಗಂಟೆ.

ಗಡುವು ಹಾಕಿದ್ದವನು ಬೇಗೂರಿನ ರಾಜಣ್ಣ. ಕಲ್ಯಾಣ ಮಂಟಪಗಳಿಗೆ ಮೈಕು, ಸ್ಪೀಕರು ಒದಗಿಸುವ ಅವನು ಗುರುವಾರದ ಮದುವೆಯ ಹಾಡುಗಳನ್ನು ಮಂಗಳವಾರ ಮೂರು ಗಂಟೆಗೆ ಪೆನ್‌ಡ್ರೈವಿಗೆ ತುಂಬಿಬಿಡುತ್ತಿದ್ದ. ಆಮೇಲೆ ಯಾರು ಕಾಲಿಗೆ ಬಿದ್ದರೂ ಒಂದು ಹಾಡನ್ನೂ ಸೇರಿಸುತ್ತಿರಲಿಲ್ಲ.

ಗುರುವಾರ ಹಸೆಗೆ ಕೂರುವವಳು ಭಾನು. ಹಾಡು ಅವಳ ಅಜ್ಜಿ ಮಲ್ಲಾಜಮ್ಮನದು. ಶಿವಸ್ವಾಮಿಗೆ ಮಲ್ಲಾಜಮ್ಮ ಸೋದರತ್ತೆ. ತೆರಕಣಾಂಬಿಯಲ್ಲಿ ನಲವತ್ತು ವರ್ಷ ಯಾರ ಮನೆಯ ಮದುವೆಯಾದರೂ ಸೋಬಾನೆಯ ಮೊದಲ ಸೊಲ್ಲು ಎತ್ತಿದವಳು ಆಕೆ. ಹೋದ ವರ್ಷ ನೆಂಟರ ಹುಡುಗಿ ರಂಜಿನಿಯ ಮದುವೆಯಲ್ಲಿ ಹಸೆಯ ಪಕ್ಕದಲ್ಲೇ ಕುಳಿತು ಹಾಡಿದ್ದಳು. ಆಳೆತ್ತರದ ಸ್ಪೀಕರುಗಳು ಮೊಳಗುತ್ತಿದ್ದುದರಿಂದ ಒಂದು ಮೊಳ ದೂರದಲ್ಲಿದ್ದ ಮದುವಣಗಿತ್ತಿಗೂ ಅದು ಕೇಳಿಸಿರಲಿಲ್ಲ. ಮನೆಗೆ ಬಂದವಳು ಸೆರಗಿನಿಂದ ಮುಖ ಒರೆಸಿಕೊಂಡು, "ಡಬ್ಬದೊಳ್ಗಿಂದ ಬಂದದ್ನೇ ಜನ ಕೇಳದು ಅಂದ್ರೆ, ಭಾನು ಮದ್ವೆಗೆ ನಾನೂ ಡಬ್ಬದೊಳಿಕ್ಕೇ ಓಯ್ತೀನಿ ಬುಡ್ಲಾ" ಎಂದಿದ್ದಳು.

ಗುಂಡ್ಲುಪೇಟೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಶಿವಸ್ವಾಮಿ ಹಿಂದೆ ಹುಲ್ಲು ತುಂಬುತ್ತಿದ್ದ ಕೋಣೆಯನ್ನು ರೆಕಾರ್ಡಿಂಗಿಗೆ ಅಣಿಮಾಡಿಕೊಂಡಿದ್ದ. ನಾಲ್ಕು ಗೋಡೆಗೂ ಹಳೆಯ ಹಾಸಿಗೆಗಳನ್ನು ಕಟ್ಟಿದ್ದ. ಅವು ಬಸ್ಸಿನ ಹಾರನ್ನನ್ನೂ ನಾಯಿಯ ಬೊಗಳುವಿಕೆಯನ್ನೂ ತಡೆಯುತ್ತಿದ್ದವು, ಹಿತ್ತಿಲಾಚೆಯ ರಾಗಿ ಮಿಲ್ಲನ್ನು ಮಾತ್ರ ತಡೆಯುತ್ತಿರಲಿಲ್ಲ. ಅದರ ಸದ್ದು ನೆಲದೊಳಗಿಂದ ಬರುತ್ತಿತ್ತು. ದನಿಯಿಂದ ಆ ಸದ್ದನ್ನು ಸೋಸಿ ತೆಗೆಯುವುದಕ್ಕೆಂದೇ ಅವನು ಈ ಪ್ಲಗಿನ್ ಹಾಕಿಸಿಕೊಂಡಿದ್ದು.

"ಮಿಲ್ ಸದ್ದಿಲ್ದಿರೋ ಕಡೆ ಹೋಗಿ ಇನ್ನೊಂದ್ ಸಲ ಹಾಡಕಾದದಾ ಅತ್ತೆ?"

ಮಲ್ಲಾಜಮ್ಮ ಗಂಟಲು ಮುಟ್ಟಿ ತೋರಿಸಿದಳು. ಮೂವತ್ತೆರಡು ನುಡಿಗಳನ್ನು ಬೆಳಗ್ಗೆ ಒಂದೇ ಪಟ್ಟಿಗೆ ಹಾಡಿ ಮುಗಿಸಿದ ದನಿ ಇನ್ನು ನಾಳೆಯವರೆಗೆ ಏಳುವಂತಿರಲಿಲ್ಲ.

ಶಿವಸ್ವಾಮಿ ಚಾಮರಾಜನಗರದ ಕಿರಣ್ ಕುಮಾರನಿಗೆ ಫೋನು ಮಾಡಿದ. ಅವನೂ ಮನೆಯಲ್ಲಿಯೇ ಹಾಡು ರೆಕಾರ್ಡು ಮಾಡುತ್ತಿದ್ದ ಹಳೆಯ ಸ್ನೇಹಿತ. ಅವನ ದನಿ ಕೋಣೆಗೆಲ್ಲ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟ.

"ನೆಟ್ ಅದಾ?"

"ಅದೆ."

"ಹಳೇ ಲ್ಯಾಪ್‌ಟಾಪಲ್ಲಿ ಇನ್ನೂ ಕುಂತದಾ ಅದು? ಒಂದ್ ಲೈಸೆನ್ಸು ಎಲ್ಡ್ ಕಡೆ ನಡೆಯಲ್ಲ ಕಣ್ಲಾ."

"ಹೋದ್ ತಿಂಗ್ಳೇ ತೆಗ್ದೆ."

"ಇಲ್ಲೂ ತೆಗ್ದು ಹೊಸ್ದಾಗಿ ಹಾಕ್ ನೋಡ್ದಾ?"

"ನೋಡ್ದೆ. ಎಲ್ಡ್ ಸಲ ಅನುಮತಿ ಕೇಳ್ದೆ, ಎಲ್ಡ್ ಸಲವೂ ಇಲ್ಲ ಅಂತು. ಇನ್ನೊಂದೇ ಉಳ್ದಿರದು."

"ಮುಟ್ಬೇಡ ಹಂಗಾರೆ. ಕೊನೇಲಿ ಯಾವಾಗ ಕೆಲಸ ಮಾಡ್ತು?"

"ಇವತ್ ಬೆಳಗ್ಗೆ ಒಂಬತ್ಗಂಟೇಲಿ ತೆರ್ದಿದ್ದೆ. ಆಗ ತಕರಾರೇ ಇರ್ನಿಲ್ಲ. ಆಮೇಲೆ, ಒಂದರ್ಧ ಗಂಟೆ ನಿಲ್ಸಿ ಅಂತ ಕೇಳಕೆ ಮಿಲ್ಲಿನ್ ತಾವ್ಕೆ ಹೋದೆ. ರಾಗಿ ತಂದೋರು ಸಾಲಾಗ್ ನಿಂತವ್ರೆ, ಆಗಲ್ಲ ಅಂದ್ರು. ಬಂದು ಹಾಡ್ಸಿದೆ. ಅಷ್ಟೇ."

"ಅಂದ್ರೆ ನೀನು ಅತ್ತಗೋದಾಗ ಯಾರೋ ಏನೋ ಮುಟ್ಟವ್ರೆ."

ಬಾಗಿಲ ಬಳಿ ನಿಂತಿದ್ದ ಶಿವಸ್ವಾಮಿಯ ಹೆಂಡತಿ ಭಾಗ್ಯ ಒಳಗೆ ಬಂದು, ಅವನು ಅರ್ಧವಷ್ಟೇ ಕುಡಿದಿದ್ದ ಕಾಫಿಯ ಲೋಟವನ್ನು ಎತ್ತಿಕೊಂಡು ಹೋಗತೊಡಗಿದಳು. ಮಲ್ಲಾಜಮ್ಮ ಗೋಡೆಯ ಹಾಸಿಗೆಯ ಹೊಲಿಗೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

"ತಾರೀಖು ಸರಿಯಾಗದಾ ನೋಡು" ಎಂದ ಕಿರಣ್ ಕುಮಾರ.

ಪರದೆಯ ತುಂಬ ಹರಡಿದ್ದ ಕಿಟಕಿಯನ್ನು ಶಿವಸ್ವಾಮಿ ಚಿಕ್ಕದು ಮಾಡಿದ. ಮೂಲೆಯಲ್ಲಿ ತಾರೀಖು ಕಾಣಿಸಿತು. ಇವತ್ತು ಮಂಗಳವಾರ. ಕಂಪ್ಯೂಟರಿನಲ್ಲಿ ಸೋಮವಾರವಿತ್ತು. ಅವನು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದ. ಭಾಗ್ಯ ಬಾಗಿಲಲ್ಲೇ ನಿಂತಳು. ಅವಳು ಅಂಗನವಾಡಿಯ ಟೀಚರು, ಕಂಪ್ಯೂಟರು ತಿಳಿದವಳು.

"ನನ್ನ ಹಂಗ್ ನೋಡ್ಬೇಡಿ" ಎಂದಳು. "ಮಂಗಳವಾರ ಹಾಡಲ್ಲ ಅಂತ ಕುಂತ್ಬುಟ್ರು. ನಾನೇನ್ ಮಾಡ್ಲಿ?"

"ಅವ್ಳನ್ನೇನ್ ಕೇಳೀಯೆ?" ಎಂದಳು ಮಲ್ಲಾಜಮ್ಮ. "ನಾನೇ ಮಾಡ್ಸಿದ್ದು. ಮಂಗಳವಾರ ಹಸೆ ಹಾಡ ಎತ್ತಾರಾ? ನಾನು ಬಂದಿದ್ದು ನೆನ್ನೆ, ಸೋಮ್ವಾರಕ್ಕೆ ಅಂತ. ದಿನವೆಲ್ಲ ಇಲ್ಲೇ ಕಾದೆ. ಕರೆಂಟು ಬರ್ನಿಲ್ಲ. ಕರೆಂಟ್ ಓದ್ರೆ ನನ್ ಸೋಮ್ವಾರವೂ ಓಗ್ಬುಡ್ಬೇಕಾ?"

ಮೇಜಿನ ಮೇಲಿನ ಫೋನು ನಗತೊಡಗಿತು. ನಗು ತಹಬಂದಿಗೆ ಬಂದ ಮೇಲೆ ಕಿರಣ್ ಕುಮಾರ ವಿವರಿಸಿದ. "ಅತ್ತೆ, ಲೈಸೆನ್ಸು ಮುಗ್ದೋರು ತಾರೀಖ್ನ ಹಿಂದಕ್ ತಿರುಗ್ಸಿ ಮೋಸ ಮಾಡ್ತಾರೆ. ಬೆಳಗ್ಗೆ ಮಂಗಳವಾರ ನೋಡಿತ್ತು, ಆಮೇಲೆ ಸೋಮ್ವಾರ ಕಾಣ್ತು. ಅದ್ಕೇ ನಿಮ್ಮನ್ನ ಕಳ್ರು ಅನ್ಕಂಡದೆ."

"ನಾನ್ ಯಾರ್ ಮನೇದು ಕದ್ದೆನಪ್ಪಾ? ನನ್ ದಿನ ನಾನು ಇಸ್ಕಂಡೆ."

ಶಿವಸ್ವಾಮಿಗೆ ಕೋಪ ಬರಬೇಕಾಗಿತ್ತು. ಬರಲಿಲ್ಲ. ನಗುವನ್ನು ಹಲ್ಲಿನಡಿ ಹಿಡಿದು ತಾರೀಖು ಸರಿಪಡಿಸಲು ಬಾಗಿದ. ಮಲ್ಲಾಜಮ್ಮ ಎದ್ದು ಬಂದು ಅವನ ಮಣಿಕಟ್ಟು ಹಿಡಿದಳು. ಎಪ್ಪತ್ತೆರಡು ವರ್ಷದ ಹಿಡಿತವಾದರೂ ಕಳೆ ಕಿತ್ತು ಪಳಗಿದ್ದು.

"ತಾಳ್ಲಾ. ಇದ್ನ ಮಂಗಳವಾರ ಮಾಡ್ಬುಟ್ರೆ ನನ್ ಹಾಡು ಯಾವತ್ತಿಂದಾದದು?"

ಎರಡು ಗಂಟೆ ಹತ್ತು ನಿಮಿಷ. ಕೈ ಕೊಡವಿಕೊಂಡು ಕೆಲಸ ಮುಂದುವರಿಸಬಹುದಿತ್ತು. ಆದರೆ ಕಾಗದದ ಮೇಲಿನ ತಾರೀಖಿಗೆ ಎಷ್ಟು ತೂಕವಿದೆಯೆಂಬುದನ್ನು ಅವನು ಹತ್ತೊಂಬತ್ತು ವರ್ಷ ಕಚೇರಿಯಲ್ಲಿ ಕಂಡಿದ್ದ. ಹಾಡಿನ ಕಡತ ಇದ್ದ ಪಟ್ಟಿಯನ್ನು ತೆರೆದು ಅದರ ಮುಂದಿನ ಸಾಲನ್ನು ಬೆರಳಿಟ್ಟು ಓದಿದ.

"ಸೋಮವಾರ. ಹತ್ತು ಗಂಟೆ ನಲವತ್ತೆರಡು ನಿಮಿಷ."

"ಭಾಗ್ಯಾ, ನೀ ಓದವ್ವ."

ಭಾಗ್ಯ ಲೋಟ ಹಿಡಿದುಕೊಂಡೇ ಬಗ್ಗಿ ಓದಿದಳು. ಎರಡೂ ತಾಳೆಯಾದವು.

"ಇದು ಬದ್ಲಾಗಲ್ವಾ?"

"ಆಗಲ್ಲ ಅತ್ತೆ. ಹಾಡು ಹುಟ್ಟಿದ್ದು ಸೋಮ್ವಾರ ಅಂತಲೇ ಇರ್ತದೆ. ನಾನು ಮಿಲ್ಲಿನ್ ಸದ್ದು ತೆಗ್ಯೋ ಕೆಲ್ಸ ಮಾತ್ರ ಮಂಗಳವಾರದ ಲೆಕ್ಕ."

ಮಲ್ಲಾಜಮ್ಮ ಯೋಚಿಸಿದಳು. ಕೊನೆಗೆ ಆಕೆ ಹಿಡಿತ ಸಡಿಲಿಸಿದಳು.

"ತೊಳ್ಯೋದು ತಾನೆ. ತೊಳ್ಯೋಕೆ ಯಾರು ವಾರ ನೋಡಾರು? ಮಾಡು."

ಶಿವಸ್ವಾಮಿ ತಾರೀಖು ಸರಿಪಡಿಸಿದ. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದ. ಮೂರನೆಯ ಸಲ ಒತ್ತಿದ. ಪರದೆಯ ಮೇಲೆ ಸಣ್ಣ ಉಂಗುರವೊಂದು ಸುತ್ತತೊಡಗಿತು. ಅವನು ಮನಸ್ಸಿನಲ್ಲೇ ಎಣಿಸಿದ. ಹನ್ನೊಂದಕ್ಕೆ ಉಂಗುರ ನಿಂತಿತು, ಕೆಂಪು ಚೌಕ ಬರಲಿಲ್ಲ. ಕಿರಣ್ ಕುಮಾರ ನಗುತ್ತ ಫೋನಿಟ್ಟ. ಹಾಡು ಹಚ್ಚಿ ಪರದೆಯ ಮೇಲಿನ ಗುಂಡಿಯೊಂದನ್ನು ಬಲಕ್ಕೆ ತಿರುಗಿಸುತ್ತ ಹೋದಂತೆ, ಮಿಲ್ಲಿನ ಗುರುಗುರು ಇಂಗುವ ನೀರಿನ ಹಾಗೆ ಕೆಳಕ್ಕಿಳಿದು ಇಲ್ಲವಾಯಿತು. ಮಲ್ಲಾಜಮ್ಮನ ದನಿ ಒಂದೇ ಉಳಿಯಿತು, ನುಡಿ ನುಡಿಗೂ ನಡುವೆ ಆಕೆ ಎಳೆದುಕೊಂಡ ಉಸಿರಿನ ಸಮೇತ.

"ನಂದಾ ಇದು?" ಎಂದಳು ಮಲ್ಲಾಜಮ್ಮ.

"ಇನ್ಯಾರ್ದು?" ಎಂದಳು ಭಾಗ್ಯ. "ಮಂಗಳವಾರ ಇನ್ಯಾರು ಹಾಡಾರು?"

ಎರಡು ಗಂಟೆ ಐವತ್ತೊಂದು ನಿಮಿಷಕ್ಕೆ ಹಾಡು ಬೇಗೂರಿಗೆ ಹೋಯಿತು. ಐದು ನಿಮಿಷದಲ್ಲಿ ರಾಜಣ್ಣನ ಫೋನು ಬಂತು.

"ಬಂತು ಕಣಣ್ಣ, ಹಾಕ್ಕಂಡೆ. ದೊಡ್ಡ ಬಾಕ್ಸಲ್ಲಿ ಒಂದ್ಸಲ ನೋಡ್ತಾ ಇವ್ನಿ. ಸೌಂಡು ಜಾಸ್ತಿಯಾಯ್ತೇನೋ, ಕಮ್ಮಿ ಮಾಡ್ಲಾ?"

"ಕಮ್ಮಿ ಮಾಡ್ಬೇಡ" ಎಂದಳು ಮಲ್ಲಾಜಮ್ಮ, ಶಿವಸ್ವಾಮಿ ಬಾಯಿ ತೆರೆಯುವ ಮುನ್ನವೇ.

ಬೇಗೂರಿನ ಯಾವುದೋ ತಗಡಿನ ಶೆಡ್ಡಿನಲ್ಲಿ ಆಕೆಯ ದನಿ ಮೊಳಗುತ್ತಿತ್ತು. ಅಲ್ಲಿ ಯಾರೋ ವೈರು ಎಳೆಯುತ್ತಿದ್ದ ಸದ್ದು ನಿಂತಿತು. ಮಲ್ಲಾಜಮ್ಮ ಫೋನನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದುಕೊಂಡು ಕೇಳಿದಳು. ಸೋಬಾನೆಯಲ್ಲಿ ಒಬ್ಬರು ಸೊಲ್ಲು ಎತ್ತಿದರೆ ಉಳಿದವರು ಅದನ್ನು ಹಿಂದೆ ಹಿಡಿದುಕೊಂಡು ಹೋಗಬೇಕು. ನಲವತ್ತು ವರ್ಷ ಎತ್ತುವ ಪಾಲೇ ಆಕೆಯದಾಗಿತ್ತು. ಅಲ್ಲಿ, ಸೋಮವಾರ ಎತ್ತಿದ ಮೊದಲ ನುಡಿ ಮುಗಿಯಿತು. ಇಲ್ಲಿ, ಹಾಸಿಗೆ ಕಟ್ಟಿದ ಗೋಡೆಗಳ ನಡುವೆ, ಒಡೆದ ಗಂಟಲಲ್ಲೇ ಮಲ್ಲಾಜಮ್ಮ ಅದನ್ನು ಹಿಂದೆ ಹಿಡಿದಳು. ಎರಡನೆಯ ನುಡಿಗೆ ಭಾಗ್ಯಳೂ ಲೋಟ ಕೆಳಗಿಟ್ಟು ಪಕ್ಕದಲ್ಲಿ ಕುಳಿತಳು.