ಧಣಿಗೆ ಕತ್ತರಿ

ನಮ್ಮ ಮೊಲಕ್ಕೆ ಧಣಿ ಎಂದು ಹೆಸರಿಟ್ಟವರು ನನ್ನ ಅತ್ತೆ. ಮಗಳ ಗೆಳತಿ ತಂದುಕೊಟ್ಟಾಗ ಅದು ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಅಷ್ಟೇ ಇದ್ದರೂ ಮನೆಯ ನಟ್ಟನಡುವೆ ಕಾಲು ಚಾಚಿ ಮಲಗಿ, ಉಳಿದವರೆಲ್ಲ ಸುತ್ತು ಬಳಸಿ ಓಡಾಡುವಂತೆ ಮಾಡಿತು. "ಸರಿಹೋಯ್ತು, ಈ ಮನೇಲಿ ಧಣಿಗಳದ್ದೇ ಒಂದು ಕೊರತೆ ಇತ್ತು" ಎಂದರು ಅತ್ತೆ. ಅಂದಿನಿಂದ ಅವನು ಧಣಿ.

ಕೆಳಗೆ ನನ್ನ ಗಂಡನ ಟೈಲರ್ ಅಂಗಡಿ, ಮೇಲೆ ನಾವಿರುವ ಎರಡು ಕೋಣೆ. ಇವರು ಅಳೆದು, ಕತ್ತರಿಸಿ, ಹೊಲಿಯುತ್ತಾರೆ. ಕಾಜಾ, ಗುಂಡಿ ನನ್ನ ಪಾಲಿನ ಕೆಲಸ. ಇವರದ್ದೊಂದು ನಿಯಮವಿದೆ. ಯಾವ ಬಟ್ಟೆಯನ್ನೂ ಅಳತೆಗೆ ಸರಿಯಾಗಿ ಕತ್ತರಿಸುವುದಿಲ್ಲ, ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟೇ ಬಿಡುತ್ತಾರೆ. "ನಾಳೆ ಮೈ ಬಂದ್ರೆ ಬಿಚ್ಚಿ ಸಡಿಲ ಮಾಡ್ಬಹುದು. ಕತ್ತರಿಸಿ ಎಸೆದದ್ದು ಮತ್ತೆ ಬರಲ್ಲ" ಎನ್ನುತ್ತಾರೆ. ಗಿರಾಕಿಗಳಿಗೆ ಇದು ಇಷ್ಟ. ನನಗೂ ಇಷ್ಟವೇ, ಬಟ್ಟೆಯ ಮಟ್ಟಿಗೆ.

ಧಣಿಗೆ ಪ್ರಾಯ ಬಂದದ್ದೇ ತಡ, ಮನೆಯ ನೆಮ್ಮದಿ ಹೋಯಿತು. ಇವರು ಮಿಷನ್ ತುಳಿಯುತ್ತಿದ್ದರೆ ಕಾಲ ಸುತ್ತ ಗುರ್‍ರ್ ಗುರ್‍ರ್ ಎಂದು ಗಿರಕಿ ಹೊಡೆಯುವುದು. ಇವರ ಎಡಗಾಲಿನ ಚಪ್ಪಲಿಯ ಮೇಲೆ ಅವನಿಗೆ ವಿಪರೀತ ಪ್ರೀತಿ. ಬಲಗಾಲಿನದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಇಲ್ಲಿಯವರೆಗೂ ನಗುತ್ತಲೇ ಇದ್ದೆವು. ಆಮೇಲೆ ತನ್ನ ಜಹಗೀರಿನ ಗಡಿ ಗುರುತು ಮಾಡಲು ಕಂಡಕಂಡಲ್ಲಿ ಉಚ್ಚೆ ಹಾರಿಸಲು ಶುರುಮಾಡಿದ. ಹಲ್ಲಿನ ಡಾಕ್ಟರಿಗೆಂದು ಇಸ್ತ್ರಿ ಮಾಡಿಟ್ಟ ಬಿಳಿ ಕೋಟಿನ ಮೇಲೂ ಹಾರಿಸಿದ. ಡಾಕ್ಟರು ಕೋಟನ್ನು ಮೂಗಿನ ಹತ್ತಿರ ಹಿಡಿದು, "ಗಂಡು ಮೊಲ ತಾನೇ? ಆಪರೇಷನ್ ಮಾಡಿಸ್ಬಿಡಿ, ಸಾಧು ಆಗುತ್ತೆ" ಎಂದು ಕೋಟನ್ನು ಅಲ್ಲೇ ಬಿಟ್ಟು ಹೋದರು.

ಆ ದಿನವೇ ಧಣಿಯನ್ನು ಪಂಜರಕ್ಕೆ ಹಾಕಿದೆವು. ಅವನು ನಮಗೆ ಬೆನ್ನು ತಿರುಗಿಸಿ ಮೂಲೆಗೆ ಮುಖ ಮಾಡಿ ಕೂತ. ಮಗಳು ಅವನ ಪಕ್ಕದಲ್ಲಿ ಅದೇ ಮೂಲೆಗೆ ಮುಖ ಮಾಡಿ ಕೂತಳು. ಊಟಕ್ಕೆ ಕರೆದರೂ ಬರಲಿಲ್ಲ.

"ಆಪರೇಷನ್ ಮಾಡಿಸೋಣ ರೀ" ಎಂದೆ ನಾನು, ತಟ್ಟೆಗೆ ಬಡಿಸುತ್ತಾ.

ಇವರ ಕೈಯ ತುತ್ತು ಅಲ್ಲೇ ನಿಂತಿತು. ಕೂತಲ್ಲೇ ಎರಡೂ ಮೊಣಕಾಲು ಹತ್ತಿರ ಬಂದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ.

ನನ್ನ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆ ಮೊಣಕಾಲಿನ ಅರ್ಥ ತಿಳಿಯುವುದಿಲ್ಲ. ಎರಡನೆಯ ಹೆರಿಗೆಯಲ್ಲಿ ನಾನು ಬದುಕಿ ಬಂದದ್ದೇ ದೊಡ್ಡದು. ಇನ್ನೊಂದು ಬಸಿರು ಈ ಮೈಗೆ ಆಗದು, ಇನ್ನೊಮ್ಮೆ ಹೊಟ್ಟೆ ಕೊಯ್ಯುವುದೂ ಬೇಡ, ಗಂಡಸರಿಗೆ ಮಾಡುವುದು ಚಿಕ್ಕ ಆಪರೇಷನ್, ಅವರೇ ಮಾಡಿಸಿಕೊಳ್ಳಲಿ ಎಂದಿದ್ದರು ಹೆರಿಗೆ ಡಾಕ್ಟರು. "ನೋಡೋಣ" ಎಂದಿದ್ದರು ಇವರು. ಆ ಮಗ ಈಗ ಮೆಟ್ಟಿಲಿಳಿದು ಅಂಗಡಿಯ ಗುಂಡಿ ಡಬ್ಬಿ ಬೀಳಿಸುವಷ್ಟು ದೊಡ್ಡವನಾಗಿದ್ದಾನೆ, ಇವರು ಇನ್ನೂ ನೋಡುತ್ತಲೇ ಇದ್ದಾರೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಮುಟ್ಟು ಸ್ವಲ್ಪ ತಡವಾದರೂ ನಾನು ಕ್ಯಾಲೆಂಡರಿನ ಮುಂದೆ ನಿಂತು ದಿನ ಎಣಿಸುತ್ತೇನೆ. ನಾನಿಲ್ಲದಿದ್ದರೆ ಈ ಎರಡು ಮಕ್ಕಳ ಗತಿಯೇನು ಎಂದು ಕಾಜಾ ಹೊಲಿಯುವಾಗಲೂ ಅದೇ ಯೋಚನೆ. ಒಳ್ಳೆಯ ಗಂಡ, ಜಗಳಗಂಟನಲ್ಲ, ಆದರೆ ಈ ಒಂದು ವಿಷಯದಲ್ಲಿ ನನಗೆ ಅವರ ಮೇಲೆ ಸಿಟ್ಟಿತ್ತು.

"ಅವನನ್ನ ಯಾಕೆ ಹಾಳುಮಾಡ್ತೀಯ? ಒಂದು ಹೆಣ್ಣು ಮೊಲ ತಂದು ಮದುವೆ ಮಾಡಿದ್ರಾಯ್ತು" ಎಂದರು ಇವರು.

"ಮಾಡಪ್ಪಾ" ಎಂದರು ಅತ್ತೆ. "ಆಮೇಲೆ ಮಿಷನ್ ಮೇಲೊಂದು, ಇಸ್ತ್ರಿ ಪೆಟ್ಟಿಗೆ ಮೇಲೊಂದು ಮೊಮ್ಮಕ್ಕಳು. ಕೂತು ಅಂಗಿ ಹೊಲಿ."

"ಕತ್ತರಿಸಿದ್ದು ಮತ್ತೆ ಬರಲ್ಲಮ್ಮ. ಸ್ವಲ್ಪ ದಿನ ನೋಡೋಣ."

ಅತ್ತೆ ಇದಕ್ಕೆ ತಲೆಯಾಡಿಸುತ್ತಾರೆ ಎಂದುಕೊಂಡಿದ್ದೆ, ಎಷ್ಟಾದರೂ ಮಗ. ಅವರು ಲೋಟ ಕೆಳಗಿಟ್ಟರು. "ನಿಮ್ಮಪ್ಪನೂ ಇದೇ ಮಾತು, ನೋಡೋಣ. ನೋಡ್ತಾ ನೋಡ್ತಾ ಆರು ಹೆತ್ತೆ. ಆರನೇ ‘ನೋಡೋಣ’ ನೀನೇ ಕಣೋ." ಇವರು ತಟ್ಟೆ ಬಿಟ್ಟು ಏಳಲೂ ಆಗದೆ, ಉಣ್ಣಲೂ ಆಗದೆ ಕೂತರು.

ಕೊನೆಗೆ ಮಗಳ ಮುಖ ನೋಡಲಾರದೆ, "ಬರೀ ಕೇಳ್ಕೊಂಡು ಬರೋಣ" ಎಂದು ಒಪ್ಪಿದರು. ಬಟ್ಟೆ ಚೂರು ಹಾಸಿದ ಬುಟ್ಟಿಯಲ್ಲಿ ಧಣಿಯನ್ನು ಕೂರಿಸಿಕೊಂಡು ನಾವಿಬ್ಬರೂ ಪ್ರಾಣಿಗಳ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಅವನನ್ನು ಮೇಜಿನ ಮೇಲೆ ಮಗುಚಿ ನೋಡಿ, ಗಟ್ಟಿಮುಟ್ಟಾಗಿದ್ದಾನೆ, ಮಾಡಬಹುದು ಎಂದರು.

ಇವರು ಗಂಟಲು ಸರಿಮಾಡಿಕೊಂಡರು. "ಮೇಡಂ, ಆಮೇಲೆ ಶಕ್ತಿ ಕಮ್ಮಿ ಆಗುತ್ತಾ?"

"ಇಲ್ಲ."

"ಭಾರ ಎತ್ತಬಹುದಾ?"

"ಮೊಲ ಏನ್ರೀ ಭಾರ ಎತ್ತುತ್ತೆ?"

"ಅಲ್ಲ, ಸುಮ್ನೆ ಕೇಳ್ದೆ. ಧ್ವನಿ ಬದಲಾಗುತ್ತಾ? ದಿನಾ ಕಾಲಲ್ಲಿ ಮಿಷನ್ ತುಳಿಯೋ ಕೆಲಸ ಇದ್ರೆ..."

ಡಾಕ್ಟರಮ್ಮ ಇವರನ್ನು ನೋಡಿದರು, ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ಬೆಕ್ಕಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಧಣಿಯೊಬ್ಬನೇ ನಾಚಿಕೆಯಿಲ್ಲದೆ ಮುಖ ತೊಳೆದುಕೊಳ್ಳುತ್ತಿದ್ದ.

"ನೋಡಿ" ಎಂದರು ಆಕೆ ಮೆಲ್ಲಗೆ, "ಮೊಲಕ್ಕೆ ನಾವು ಬೀಜಗಳನ್ನ ಪೂರ್ತಿ ತೆಗೆದುಬಿಡ್ತೀವಿ. ಮನುಷ್ಯರಿಗೆ ಹಾಗಲ್ಲ. ಗಂಡಸರಿಗೆ ಏನನ್ನೂ ತೆಗೆಯಲ್ಲ. ಒಳಗೆ ಎರಡು ಸಣ್ಣ ನಾಳ ಇರುತ್ತೆ, ಅದನ್ನ ಕತ್ತರಿಸಿ ಕಟ್ತಾರೆ, ಅಷ್ಟೇ. ಮಿಕ್ಕಿದ್ದೆಲ್ಲ ಇದ್ದ ಹಾಗೇ."

"ತೆಗೆಯಲ್ವಾ?"

"ಇಲ್ಲ."

"ಅಂದ್ರೆ ದಾರ ಕತ್ತರಿಸಿ ಗಂಟು ಹಾಕೋದು. ಅಷ್ಟೇನಾ?"

"ಅಷ್ಟೇ."

ಇವರು ಅಲ್ಲಿದ್ದ ಕುರ್ಚಿಯ ಮೇಲೆ ಕೂತುಬಿಟ್ಟರು. ಚಿಕ್ಕಂದಿನಲ್ಲಿ ಹೋರಿಯ ಬೀಜ ಒಡೆಯುವುದನ್ನು ನೋಡಿದ್ದರಂತೆ. ಆ ಹೋರಿಯ ಕೂಗು ಕಿವಿಯಲ್ಲಿ ಉಳಿದುಹೋಗಿತ್ತಂತೆ. ಹೆರಿಗೆ ಡಾಕ್ಟರು ವಿವರಿಸುವಾಗ ಇವರು ನೀರು ತರುವ ನೆಪದಲ್ಲಿ ಹೊರಗೆ ಹೋಗಿದ್ದರು. ಹಿಂದಿರುಗಿ ಬಂದು ಕೇಳಲು ನಾಚಿಕೆ. ಇಷ್ಟು ವರ್ಷ ಆ ಹೋರಿಯ ಜಾಗದಲ್ಲಿ ತನ್ನನ್ನೇ ನಿಲ್ಲಿಸಿಕೊಂಡು ಒಬ್ಬರೇ ಬೆವರುತ್ತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಟಮಾರಿ ಎಂದು ನಾನು ಬೈಯುತ್ತಿದ್ದವರು ನಿಜಕ್ಕೂ ಹೆದರಿದ್ದರು. ನನಗೆ ನಗುವೂ ಬಂತು, ಅಯ್ಯೋ ಎನ್ನಿಸಿತು, ಹಾಗೆಯೇ ಎರಡು ಬಿಡಬೇಕೆಂದೂ ಅನ್ನಿಸಿತು.

"ಈಗ ಇವನ ವಿಷಯ ಹೇಳಿ. ಮಾಡೋದಾ ಬೇಡವಾ?" ಎಂದರು ಡಾಕ್ಟರಮ್ಮ.

ಇವರು ಧಣಿಯ ಕಿವಿಯನ್ನು ಬೆರಳ ನಡುವೆ ಹಿಡಿದು, ಬಟ್ಟೆಯ ನೇಯ್ಗೆ ನೋಡುವಂತೆ ಸವರಿದರು. ನ್ಯಾಯವಾಗಿ ನೋಡಿದರೆ ಅವನು ಕಳೆದುಕೊಳ್ಳುವುದು ಇವರಿಗಿಂತ ಎಷ್ಟೋ ಹೆಚ್ಚು, ಅದು ಇವರಿಗೂ ತಿಳಿದಿತ್ತು.

"ಮಾಡಿಸದಿದ್ರೆ ಜೀವನಪೂರ್ತಿ ಪಂಜರ" ಎಂದರು ಕೊನೆಗೆ. "ಮಾಡಿಸಿದ್ರೆ ಮನೆಯೆಲ್ಲಾ ಅವನದೇ. ಮಾಡಿ ಮೇಡಂ. ಆದ್ರೆ ನೋವಾಗಬಾರದು."

"ಆಪರೇಷನ್‌ಗೆ ಕರ್ಕೊಂಡು ಬರೋ ದಿನ ಉಪವಾಸ ಕೆಡವಬೇಡಿ, ಮೊಲ ಹಸಿದಿರಬಾರದು. ಮನೆಗೆ ಹೋದ ಮೇಲೆ ತಿಂದು ಹಿಕ್ಕೆ ಹಾಕಿದ್ರೆ ಎಲ್ಲಾ ಸರಿ ಅಂತ ಅರ್ಥ" ಎಂದರು ಆಕೆ.

ಆಪರೇಷನ್ ಆದ ದಿನ ಅಂಗಡಿಗೆ ಬೀಗ ಬಿತ್ತು. ಹೊಲಿಗೆಯನ್ನು ನೆಕ್ಕದಿರಲಿ ಎಂದು ಇವರು ಉಳಿದ ಚೌಕುಳಿ ಬಟ್ಟೆಯಲ್ಲಿ ಧಣಿಗೊಂದು ಅಂಗಿ ಹೊಲಿದಿದ್ದರು, ಅದಕ್ಕೆ ನಾನು ಕಾಜಾ ಮಾಡಿದ್ದೆ. ತೊಡಿಸಿ ಮುಗಿಸುವುದರೊಳಗೆ ಧಣಿ ಅದರಿಂದ ಹಿಂದಕ್ಕೆ ಜಾರಿ ಹೊರಬಂದ. ಆಮೇಲೆ ಮಂಕಾಗಿ ಕೂತ. ಹುಲ್ಲು ಮುಟ್ಟಲಿಲ್ಲ. ನಾವೆಲ್ಲ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಅವನ ಹಿಂಭಾಗವನ್ನೇ ನೋಡುತ್ತಾ ನೆಲದ ಮೇಲೆ ಕೂತೆವು. ಇವರು ಮೊಣಕೈ ಊರಿ ಮಲಗಿ, ಕೊತ್ತಂಬರಿ ಕಡ್ಡಿಯೊಂದನ್ನು ಅವನ ಮೂಗಿನ ಮುಂದೆ ಹಿಡಿದೇ ಇದ್ದರು. "ತಿನ್ನೋ ಧಣಿ. ನೀನು ತಿಂದ್ರೆ ನನಗೂ ಧೈರ್ಯ ಬರುತ್ತೆ."

ಆ ಮಾತನ್ನು ನನಗೆ ಕೇಳಿಸಲೆಂದು ಹೇಳಿದ್ದಲ್ಲ. ಕೇಳಿಸಿತು.

ಸಂಜೆಯ ಹೊತ್ತಿಗೆ ಧಣಿಯ ಮೂಗು ಅಲ್ಲಾಡಿತು. ಒಂದು ಎಲೆ ಒಳಗೆ ಹೋಯಿತು, ಇನ್ನೊಂದು ಹೋಯಿತು, ಆಮೇಲೆ ಇವರ ಬೆರಳನ್ನೂ ಒಂದಿಷ್ಟು ಕಡಿದ. ದೀಪ ಹಚ್ಚುವಾಗ ಮಗಳು ಕಿರುಚಿದಳು: "ಹಿಕ್ಕೆ! ಅಜ್ಜೀ, ಹಿಕ್ಕೆ ಹಾಕ್ದ!" ಅತ್ತೆ ಚಪ್ಪಾಳೆ ತಟ್ಟಿದರು. ಮೊಲದ ಹಿಕ್ಕೆಗೆ ಇಷ್ಟು ಸಂಭ್ರಮ ಪಟ್ಟ ಮನೆ ಇನ್ನೊಂದು ಇರಲಾರದು.

ಬರಬರುತ್ತಾ ಧಣಿ ಸಮಾಧಾನಿಯಾದ. ಪಂಜರ ಅಟ್ಟ ಸೇರಿತು. ಎಡ ಚಪ್ಪಲಿಯ ಮೇಲಿನ ಪ್ರೀತಿ ಇಳಿದು ಸ್ನೇಹವಾಯಿತು. ಈಗ ಅದರ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಾನೆ ಅಷ್ಟೆ. ನಾನು ನನ್ನ ವಿಷಯ ಎತ್ತಲಿಲ್ಲ. ಎತ್ತಬಾರದೆಂದು ನಾಲಿಗೆ ಕಚ್ಚಿ ಹಿಡಿದಿದ್ದೆ, ಆದರೆ ಒಳಗೊಳಗೇ ಕಾಯುತ್ತಿದ್ದೆ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಹಲ್ಲಿನ ಡಾಕ್ಟರ ಹೊಸ ಕೋಟಿಗೆ ಕಾಜಾ ಹಾಕುತ್ತಾ ಕೂತಿದ್ದೆ. ಇವರು ಮೇಜಿನ ಮೇಲೆ ಅದೇ ಚೌಕುಳಿ ಬಟ್ಟೆಯನ್ನು ಹರಡಿ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುತ್ತಿದ್ದರು. ನೋಡಿದರೆ ಚಡ್ಡಿ. ಕತ್ತರಿ ಸರಿಯಾಗಿ ಗೆರೆಯ ಮೇಲೆಯೇ ಹೋಗುತ್ತಿತ್ತು.

"ಯಾರ ಅಳತೆ ರೀ ಇದು?"

"ನಂದೇ."

"ಒಳಗೆ ಬಟ್ಟೆ ಬಿಟ್ಟಿಲ್ಲ?"

"ಬಿಡೋ ಹಾಗಿಲ್ಲ. ಆಮೇಲೆ ಒಂದಷ್ಟು ದಿನ ಬಿಗಿಯಾದದ್ದೇ ಹಾಕ್ಕೋಬೇಕಂತೆ. ಡಾಕ್ಟರು ಹೇಳಿದ್ರು."

"ಯಾವ ಡಾಕ್ಟರು?"

"ನಮ್ಮ ಡಾಕ್ಟರು. ಮೊಲದವರಲ್ಲ." ಇವರು ತಲೆ ಎತ್ತಲಿಲ್ಲ. "ನಿನ್ನೆ ಹೋಗಿ ಮಾತಾಡಿ ಬಂದೆ. ಬುಧವಾರ ಬರೋಕೆ ಹೇಳಿದ್ದಾರೆ. ನೀನೂ ಜೊತೆಗೆ ಬಾ."

ಕೋಟು ಮಡಿಲಲ್ಲಿ ಮಂಜುಮಂಜಾಗಿ ಕಂಡಿತು, ಸೂಜಿ ಎಲ್ಲೋ ಹೋಗಿ ಬೆರಳಿಗೆ ಚುಚ್ಚಿತು. ಮೇಜಿನ ಕೆಳಗೆ ಧಣಿ, ಉದುರಿದ ಚೌಕುಳಿ ಚೂರನ್ನು ಎಳೆದುಕೊಂಡು ಅದರ ಮೇಲೆ ಮಲಗಿದ.

"ಮತ್ತೆ" ಎಂದರು ಇವರು, ಕತ್ತರಿ ಕೆಳಗಿಟ್ಟು, "ಮನೆಗೆ ಬಂದ ಮೇಲೆ ನನಗೂ ಯಾರಾದ್ರೂ ಕೊತ್ತಂಬರಿ ಹಿಡ್ಕೊಂಡು ಕೂರಬೇಕು."

"ಹಿಕ್ಕೆ ಹಾಕೋವರೆಗೂ ಕೂರ್ತೀನಿ" ಎಂದೆ ನಾನು. ಡಾಕ್ಟರ ಕೋಟಿನ ಆ ಒಂದು ಕಾಜಾ ಸೊಟ್ಟಗಾಯಿತು. ಬಿಚ್ಚಲಿಲ್ಲ, ಹಾಗೆಯೇ ಕಳಿಸಿದೆ.