ಹದಿನೇಳನೇ ನಂಬರಿನ ಕೌದಿ

"ಏ ಸಾಬರಾಕಿ, ಹೊರಗ ಕುಂಡ್ರಸ ಆ ಕೂಸನ್ನ! ಒಳಗ ಕಾಲಿಟ್ಟರ ತಾಟು ಗಟಾರಕ್ಕ ಒಗೀತೀನಿ ನೋಡು, ಹಡಬಿಟ್ಟಿ!"

ಅಂಗನವಾಡಿಯ ಆಯಾ ಬಸವಣ್ಣೆವ್ವ ಸಾರಿನ ಸೌಟನ್ನು ಬಾಗಿಲಿಗೆ ಅಡ್ಡ ಹಿಡಿದು ನಿಂತಿದ್ದಳು. ಹೊಸ್ತಿಲ ಈಚೆ ರಮಜಾನಬಿ, ಅವಳ ಸೆರಗಿನ ಹಿಂದೆ ಮೂರು ವರ್ಷದ ಮಗಳು ನಿಶಾತ, ನಿಶಾತಳ ಕೈಯಲ್ಲಿ ಸ್ಟೀಲಿನ ತಾಟು. ಒಳಗೆ ಹನ್ನೆರಡು ಮಕ್ಕಳು ಸಾಲಾಗಿ ಕೂತು ಅನ್ನಸಾರು ಉಣ್ಣುತ್ತಿದ್ದವು. ನಿನ್ನೆಯೂ ಹೀಗೇ, ಮೊನ್ನೆಯೂ ಹೀಗೇ. ಬಸವಣ್ಣೆವ್ವ ಸೌಟು ತಾಟಿಗೆ ತಾಗದಂತೆ ಮೇಲಿನಿಂದ ಅನ್ನ ಬೀಳಿಸಿದ್ದಳು. ಮಗು ಹೊರಗಿನ ಕಟ್ಟೆಯ ಮೇಲೆ ನಾಯಿಯ ಜೊತೆ ಕೂತು ಉಂಡಿತ್ತು.

"ನನ್ನ ಮಗಳಿಗೆ ರೋಗ ಇಲ್ಲಬೇ. ಮೂರು ಸಲ ರಕ್ತ ತಗದು ನೋಡ್ಯಾರ. ಕಾಗದ ಐತಿ."

"ನಿನ್ನ ಕಾಗದಕ್ಕ ಬೆಂಕಿ ಹಚ್ಚಲಿ! ಗಂಡನ್ನ ನುಂಗಿದ ರಂಡಿ, ಈಗ ಊರ ಮಕ್ಕಳನ್ನ ನುಂಗಾಕ ಬಂದಿ ಏನು?"

ರಮಜಾನಬಿಗೆ ಸಿಟ್ಟಿಗಿಂತ ಮೊದಲು ನೆನಪು ಬಂತು. ಇದೇ ಬಸವಣ್ಣೆವ್ವನ ಮೊಮ್ಮಗ ಹುಟ್ಟಿದಾಗ ಎಂಟು ದಿನ ಸೊಂಟ ಬಗ್ಗಿಸಿ ಕೌದಿ ಹೊಲಿದುಕೊಟ್ಟವಳು ತಾನು. ಅವನು ಆ ಕೌದಿಯ ಮೇಲೆ ಉಚ್ಚಿ ಹೊಯ್ದು ದೊಡ್ಡವನಾಗಿ ಈಗ ಒಳಗೆ ಕೂತು ಮೊಟ್ಟೆ ತಿನ್ನುತ್ತಿದ್ದಾನೆ.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಚನ್ನಬಸವಣ್ಣಗೌಡ ಗಂಟಲು ಸರಿಮಾಡಿಕೊಂಡ. ಅಂಗನವಾಡಿ ಕಮಿಟಿಗೆ ಅವನೇ ಹಿರಿಯ, ಅರ್ಧ ಊರಿಗೆ ಕೂಲಿ ಕೊಡುವವನೂ ಅವನೇ. ಬೈಯುವವನಲ್ಲ, ನಗುನಗುತ್ತಲೇ ಕತ್ತು ಕೊಯ್ಯುವವನು.

"ನಾ ನಿನ್ನ ವೈರಿ ಅಲ್ಲ ಬಿಡು, ರಮಜಾನಬಿ. ಆ ಪುಸ್ತಕ ಬರದ ಡಾಕ್ಟರಬಾಯಿನ್ನ ಕರಕೊಂಡು ಬಾ. ಆಕಿ ನಿನ್ನ ಮಗಳ ತಾಟಿನ್ಯಾಗ ಒಂದ ತುತ್ತು ಉಣ್ಣಲಿ. ನನ್ನ ಮೊಮ್ಮಗನ್ನ ನಾನ ಈಕಿ ಮಗ್ಗಲಕ್ಕ ಕುಂಡ್ರಸ್ತೀನಿ. ಇಲ್ಲಾಂದ್ರ ಬರೋ ತಿಂಗಳಿಂದ ಹೆಸರು ತಗಸಿಬಿಡು. ಹೌದಿಲ್ಲೋ ಟೀಚರ?"

ಟೀಚರ್ ಸುನಿತಾ ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.

"ನಾಕು ಮಂದಿ ಮುಂದ ಅಂದೀರಿ, ಗೌಡ್ರ. ಮಾತು ನೆನಪಿರಲಿ," ಎಂದಳು ರಮಜಾನಬಿ.

ಡಾಕ್ಟರಬಾಯಿ ಎಂದರೆ ಗದಗಿನ ಡಾ. ವಾಣಿಶ್ರೀ. ಎಚ್‌ಐವಿ ಇರುವ ಬಸುರಿಯರ ಮೇಲೆ ಸಂಶೋಧನೆ ಮಾಡುತ್ತ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಗಳನ್ನು ಮೂರು ವರ್ಷ ಸುತ್ತಿದವರು. ರಮಜಾನಬಿಗೆ ನಾಲ್ಕು ತಿಂಗಳಾಗಿದ್ದಾಗ ರಕ್ತ ಪರೀಕ್ಷೆಯಲ್ಲಿ ರೋಗ ಸಿಕ್ಕಿತು. ಬೋರ್‌ವೆಲ್ ಗಾಡಿಯ ಮೇಲೆ ದುಡಿಯುತ್ತಿದ್ದ ಗಂಡ ಮಾಶಾಕ ಅದನ್ನು ಕೊಟ್ಟು, ಕೂಸಿನ ಮುಖ ನೋಡದೆ ಮಣ್ಣಾದ. ಊರಿಗೆ ಟಿಬಿ ಎಂದು ಹೇಳಿದ್ದಾಯಿತು. ಆಗ ಕೈ ಹಿಡಿದವರು ಡಾಕ್ಟರಬಾಯಿಯೇ, ಸುಳ್ಳು ಯಾಕೆ ಹೇಳಬೇಕು. ದಿನಾ ಗುಳಿಗೆ ತಪ್ಪಿಸಬೇಡ ಎಂದರು, ತಪ್ಪಿಸಲಿಲ್ಲ. ಹುಟ್ಟಿದ ಕೂಸಿಗೆ ಆರು ವಾರ ಔಷಧ ಹಾಕು ಎಂದರು, ಹಾಕಿದಳು. ಒಂದೂವರೆ ವರ್ಷದ ಕೊನೆಯ ಪರೀಕ್ಷೆಯಲ್ಲೂ ಕೂಸು ಪಾರಾದಾಗ ಅವರ ಕಾಲು ಹಿಡಿದು ಅತ್ತಿದ್ದಳು.

ಬಂದಾಗಲೆಲ್ಲ ಅವರು ಕೇಳುತ್ತಿದ್ದರು, ಇವಳು ಹೇಳುತ್ತಿದ್ದಳು. ಗಂಡನ ಜೊತೆ ಮಲಗಿದ್ದು, ಮೊಲೆ ಬಿಡಿಸಿದ್ದು, ಅತ್ತೆ ಹೊಡೆದದ್ದು, ಸಾಯಲೆಂದು ಬಾವಿ ನೋಡಿಕೊಂಡು ಬಂದದ್ದು. ಹೆತ್ತವಳ ಮುಂದೆ ಆಡದ ಮಾತನ್ನೆಲ್ಲ ಅವರ ವಹಿಯಲ್ಲಿ ಸುರುವಿದಳು.

"ನಿನ್ನ ಹೆಸರು ಎಲ್ಲೂ ಬರೂದಿಲ್ಲ. ನೀ ನನಗ ಹದಿನೇಳನೇ ನಂಬರ್ ಅಷ್ಟ," ಎಂದಿದ್ದರು. ಪ್ರತಿ ಸಲ ರಮಜಾನಬಿ ಚಹಾ ಕಾಸಿ ತಂದಿಡುತ್ತಿದ್ದಳು. ಪ್ರತಿ ಸಲ ಅವರು, "ಈಗ ಕುಡದ ಬಂದೆ," ಎನ್ನುತ್ತಿದ್ದರು. ದೊಡ್ಡವರು, ಹೊಟ್ಟೆ ಸೂಕ್ಷ್ಮವಿರಬೇಕು ಎಂದುಕೊಂಡು ಇವಳೇ ಕುಡಿದುಬಿಡುತ್ತಿದ್ದಳು.

ಕೂಸಿಗೆ ಎಂಟು ತಿಂಗಳಿದ್ದಾಗ ಒಂದು ದಿನ, ಕೌದಿಯ ಮೇಲೆ ಮಗಳನ್ನು ಆಡಿಸುತ್ತಿದ್ದವಳ ಫೋಟೋ ತೆಗೆದರು. "ಇದು ನನ್ನ ಫೈಲಿನ್ಯಾಗ ಇರತೈತಿ," ಎಂದರು. ಇಂಗ್ಲೀಷಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು.

ಕೌದಿ ಹೊಲಿಸುವವರು ತಮ್ಮ ಹಳೇ ಸೀರೆ, ಕುಬಸ ಕೊಡುತ್ತಾರೆ. ಹೊಲಿದು ಉಳಿದ ಚೂರು ಹೊಲಿದವಳಿಗೇ ಸೇರಬೇಕು, ಹಿಂದಿನಿಂದ ಬಂದ ರೂಢಿ. ಹಾಗೆ ಹತ್ತು ವರ್ಷ ಕೂಡಿಟ್ಟ ಚೂರುಗಳಿಂದ ರಮಜಾನಬಿ ಮಗಳ ಕೌದಿ ಹೊಲಿದಿದ್ದಳು. ಗೌಡನ ಹೆಂಡತಿಯ ಇಳಕಲ್ ಸೆರಗು ನಟ್ಟನಡುವೆ, ಬಸವಣ್ಣೆವ್ವನ ಕುಬಸದ ಖಣ ಒಂದು ಮೂಲೆಗೆ, ಟೀಚರಮ್ಮನ ಹಸಿರು ಸೀರೆ ಅಂಚಿಗೆ. ಊರಿನ ಅಷ್ಟೂ ಮನೆ ಅದರಲ್ಲಿತ್ತು.

ಕಳೆದ ತಿಂಗಳು ಡಾಕ್ಟರಬಾಯಿಯ ಸಂಶೋಧನೆ ಕನ್ನಡದಲ್ಲಿ ಪುಸ್ತಕವಾಗಿ ಅಂಗನವಾಡಿಗೆ ಬಂತು. ತಾಯಂದಿರ ಸಭೆಯಲ್ಲಿ ಸುನಿತಾ ಹಾಳೆ ತಿರುವಿ ಚಿತ್ರ ತೋರಿಸಿದಳು. ಎಚ್‌ಐವಿ ಇರುವ ತಾಯಿ, ಹದಿನೇಳನೇ ನಂಬರು, ಕಣ್ಣಿನ ಮೇಲೆ ಕರಿ ಪಟ್ಟಿ.

"ಅಯ್ಯ! ಇದು ನನ್ನ ಕುಬಸದ ಖಣ!" ಎಂದಳು ಬಸವಣ್ಣೆವ್ವ.

"ಈ ಸೆರಗು ನಮ್ಮತ್ತೀದು," ಎಂದಳು ಗೌಡನ ಸೊಸೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಒಬ್ಬೊಬ್ಬರೂ ತಮ್ಮ ತಮ್ಮ ಚೂರನ್ನು ಬೆರಳಿಟ್ಟು ಗುರುತಿಸಿದರು. ರಮಜಾನಬಿ ಅಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಸಂಜೆಯೊಳಗೆ ಅವಳು ಹೊಲಿದುಕೊಟ್ಟ ಏಳು ಕೌದಿ ಅವಳ ಅಂಗಳಕ್ಕೆ ಬಂದು ಬಿದ್ದವು. ಒಂದಕ್ಕೆ ಅರ್ಧ ಬೆಂಕಿ ಹತ್ತಿತ್ತು.

ಗೌಡನ ಸವಾಲು ಹೊತ್ತುಕೊಂಡು ಮರುದಿನವೇ ಅವಳು ಗದಗಿನ ಬಸ್ಸು ಹತ್ತಿದಳು. ಡಾಕ್ಟರಬಾಯಿಯ ಕೋಣೆಯ ಹೊರಗೆ ಮಧ್ಯಾಹ್ನದವರೆಗೆ ನಿಂತಳು.

"ಆ ಫೋಟೋದಾಗ ಇರಾಕಿ ನೀನ ಅಂತ ಊರಿಗೆ ಹೆಂಗ ಗೊತ್ತಾತು? ಕಣ್ಣಿಗೆ ಪಟ್ಟಿ ಹಾಕೇವಲ್ಲ," ಎಂದರು ವಾಣಿಶ್ರೀ.

"ಕೌದಿಗೆ ಹಾಕಿಲ್ರಿ."

ಡಾಕ್ಟರಬಾಯಿ ಕನ್ನಡಕ ತೆಗೆದು ಒರೆಸಿದರು.

"ಫೈಲಿನ್ಯಾಗ ಇರತೈತಿ ಅಂದಿದ್ರಿ, ಬಾಯಾರ."

"ನಾಕು ತಾಯಂದ್ರಿಗೆ ಉಪಯೋಗ ಆಗಲಿ ಅಂತ ಹಾಕಿದ್ದು. ನೀ ಹೆಬ್ಬೆಟ್ಟು ಒತ್ತಿದ ಕಾಗದದಾಗ ಎಲ್ಲಾ ಇತ್ತು."

"ಅದು ಇಂಗ್ಲೀಷಿನ್ಯಾಗ ಇತ್ರಿ." ರಮಜಾನಬಿ ಕೈ ಮುಗಿದಳು. "ಆದದ್ದು ಆತು. ಒಂದ ಸಲ ನಮ್ಮೂರಿಗೆ ಬರ್ರಿ. ನನ್ನ ಮಗಳ ತಾಟಿನ್ಯಾಗ ಒಂದ ತುತ್ತು ಉಣ್ರಿ. ಆಕಿನ್ನ ಒಳಗ ಕುಂಡ್ರಸ್ತಾರ. ಮತ್ತೇನೂ ಕೇಳೂದಿಲ್ರಿ."

"ನಾ ಬಂದು ಉಂಡರ, ಹದಿನೇಳನೇ ನಂಬರ್ ನೀನ ಅಂತ ನಾನ ಒಪ್ಪಿದಂಗ ಆಗತೈತಿ. ನಿನ್ನ ಗುಟ್ಟು ಕಾಯೂದು ನನ್ನ ಕರ್ತವ್ಯ. ನಿಯಮ ಐತಿ, ತಿಳಕೋ."

ಊರೆಲ್ಲ ಅಗಿದು ಉಗುಳಿದ ಗುಟ್ಟನ್ನು ಈಯಮ್ಮ ಒಬ್ಬಳೇ ಕಾಯುತ್ತಿದ್ದಾಳೆ! ಬಸವಣ್ಣೆವ್ವ ರಂಡಿ ಎಂದಾಗಲೂ ರಮಜಾನಬಿ ಇಷ್ಟು ನೊಂದಿರಲಿಲ್ಲ. ಅವಳನ್ನು ಎಂದೂ ನಂಬಿರಲಿಲ್ಲವಲ್ಲ. ಹೊರಗೆ ಗೋಡೆಗೆ ಡಾಕ್ಟರಬಾಯಿಯ ದೊಡ್ಡ ಚಿತ್ರ ಅಂಟಿಸಿದ್ದರು. ಕಾವಲಿನವನನ್ನು ಕೇಳಿದಳು. ಬರುವ ರವಿವಾರ ಪುಸ್ತಕಕ್ಕಾಗಿ ಅವರಿಗೆ ಸನ್ಮಾನ, ಎಲ್ಲ ಅಂಗನವಾಡಿಯವರಿಗೆ, ಕಮಿಟಿಯವರಿಗೆ ಕರೆ, ಊಟವೂ ಇದೆ ಎಂದ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂದುಕೊಂಡು ಅವಳು ಊರಿಗೆ ಮರಳಿದಳು.

ರವಿವಾರ ಸಭಾಭವನದ ಕೊನೆಯ ಸಾಲಿನಲ್ಲಿ ಮಗಳನ್ನು ತೊಡೆಯ ಮೇಲೆ, ಕೌದಿಯನ್ನು ಕಾಲಬುಡದಲ್ಲಿ ಇಟ್ಟುಕೊಂಡು ಕೂತಳು. ಮುಂದೆ ಸುನಿತಾ ಇದ್ದಳು, ಚನ್ನಬಸವಣ್ಣಗೌಡನೂ ಇದ್ದ. ವಾಣಿಶ್ರೀಗೆ ಶಾಲು ಹೊದಿಸಿದರು, ಹಾರ ಹಾಕಿದರು. ಆಮೇಲೆ ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಆ ಚಿತ್ರ ಬಂತು.

"ಈ ತಾಯಿ ಹೆಸರು ನಾನು ಹೇಳುವಂತಿಲ್ಲ," ಎಂದರು ಡಾಕ್ಟರಬಾಯಿ, ದನಿ ತುಸು ನಡುಗಿಸಿ. "ಎಲ್ಲೇ ಇದ್ದರೂ ಸುಖವಾಗಿರಲಿ. ಮುಟ್ಟಿದರೆ ಈ ರೋಗ ಬರುವುದಿಲ್ಲ, ಕೂಡಿ ಉಂಡರೆ ಬರುವುದಿಲ್ಲ. ಇದನ್ನು ಹಳ್ಳಿಹಳ್ಳಿಗೂ ಮುಟ್ಟಿಸಿ."

ಚಪ್ಪಾಳೆಯೋ ಚಪ್ಪಾಳೆ. ಅದು ನಿಲ್ಲುತ್ತಿದ್ದಂತೆ ನಿಶಾತ ತೊಡೆಯ ಮೇಲೆ ಎದ್ದು ನಿಂತು ಕೂಗಿತು: "ಅಮ್ಮಾ, ನಮ್ಮ ಕೌದಿ!"

ಎರಡು ಸಾಲು ತಿರುಗಿ ನೋಡಿತು. ಸುನಿತಾ ಕಂಡೂ ಕಾಣದವಳಂತೆ ಮುಖ ತಿರುಗಿಸಿದಳು.

ಊಟಕ್ಕೆ ಹಿಂದಿನ ಹಾಲ್‌ನಲ್ಲಿ ಪಂಕ್ತಿ ಹಾಕಿದ್ದರು. ರೊಟ್ಟಿ, ಎಣಗಾಯಿ, ಗೋದಿ ಹುಗ್ಗಿ. ರಮಜಾನಬಿ ಎರಡು ಸಾಲುಗಳ ನಡುವೆ ಕೌದಿ ಹಾಸಿ ಮಗಳನ್ನು ಕೂರಿಸಿದಳು. ಮನೆಯಿಂದ ತಂದಿದ್ದ ಆ ಸ್ಟೀಲಿನ ತಾಟು ಮುಂದಿಟ್ಟು ಹುಗ್ಗಿ ಹಾಕಿಸಿಕೊಂಡಳು. ಗೌಡ ಎದುರು ಸಾಲಿನಲ್ಲಿ ರೊಟ್ಟಿ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ಅವಳು ನೇರ ಡಾಕ್ಟರಬಾಯಿಯ ಮುಂದೆ ಹೋಗಿ ನಿಂತಳು.

"ಬಾಯಾರ, ಮೂರು ವರ್ಷ ನನ್ನ ಚಹಾಕ್ಕ 'ಈಗ ಕುಡದ ಬಂದೆ' ಅಂದ್ರಿ. ಇವತ್ತ ನೀವಿನ್ನೂ ಉಂಡಿಲ್ಲ, ನಾ ನೋಡೀನಿ. ಬರ್ರಿ."

"ರಮಜಾನಬಿ, ಇಲ್ಲಿ ಬ್ಯಾಡ..." ಎಂದುಬಿಟ್ಟರು ವಾಣಿಶ್ರೀ. ಎಂದ ಮೇಲೆ ತುಟಿ ಕಚ್ಚಿಕೊಂಡರು.

"ಛಲೋ ಆತು. ಹೆಸರು ನೀವ ಹೇಳಿದ್ರಿ. ಇನ್ನ ಆ ನಂಬರ್ ಬ್ಯಾಡ್ರಿ." ರಮಜಾನಬಿ ಸುತ್ತಲಿನವರ ಕಡೆ ತಿರುಗಿ ದನಿ ಎತ್ತಿದಳು. "ಪರದೆ ಮ್ಯಾಲ ನೋಡಿದ್ರಲ್ಲ, ಆಕಿ ನಾನ. ರೋಗ ನನಗ ಐತಿ, ನನ್ನ ಮಗಳಿಗಿಲ್ಲ. ಕೂಡಿ ಉಂಡರ ಬರೂದಿಲ್ಲ ಅಂತ ಬರದವರ ಇಲ್ಲಿ ಅದಾರ. ಉಂಡು ತೋರಸ್ತಾರ. ನಮ್ಮ ಗೌಡ್ರೂ ಮಾತು ಕೊಟ್ಟಾರ."

ಪಂಕ್ತಿಯಲ್ಲಿ ಬಡಿಸುವವರೂ ನಿಂತರು. ಒಂದೊಂದೇ ಫೋನು ಮೇಲೆದ್ದಿತು. ಫೋನು ಕಂಡೊಡನೆ ಡಾಕ್ಟರಬಾಯಿ ನಕ್ಕರು, ಸನ್ಮಾನದ ಶಾಲು ಎತ್ತಿ ಹಿಡಿದು ಕೌದಿಯ ಅಂಚಿಗೆ ಕೂತರು, ಮಗುವಿನ ತಲೆ ಸವರಿದರು. ನಿಶಾತ ತನ್ನ ಪುಟ್ಟ ಕೈಯಿಂದ ಹುಗ್ಗಿ ಬಾಚಿ ಅವರ ಅಂಗೈಗೆ ಹಾಕಿತು.

ಅಂಗೈ ಮುಚ್ಚಿತು. ಬಾಯಿಯತ್ತ ಏಳಲಿಲ್ಲ.

"ತಿನ್ನ," ಎಂದಿತು ಮಗು.

"ನಂದಿವತ್ತ ಉಪವಾಸ ಪುಟ್ಟಾ..." ಎಂದರು ವಾಣಿಶ್ರೀ ಮೆಲ್ಲಗೆ. ಇನ್ನೊಂದು ಕೈ ಕರವಸ್ತ್ರ ಹುಡುಕುತ್ತಿತ್ತು. ಫೋನು ಹಿಡಿದವನೊಬ್ಬ ಸಂಕೋಚದಿಂದ ಕೈ ಇಳಿಸತೊಡಗಿದ.

"ಇಳಸಬ್ಯಾಡೋ ತಮ್ಮಾ, ಹಿಡಿ!" ಎಂದಳು ರಮಜಾನಬಿ. "ನನ್ನ ಮಾರಿಗೆ ಪಟ್ಟಿ ಹಾಕಬ್ಯಾಡ. ಈ ಬಾಯಾರ ಮಾರಿಗೂ ಹಾಕಬ್ಯಾಡ."

ಗೌಡ ರೊಟ್ಟಿ ಕೈಯಲ್ಲೇ ಹಿಡಿದು ನೋಡುತ್ತಿದ್ದ. ಡಾಕ್ಟರಬಾಯಿಯ ಬೆರಳ ಸಂದಿನಿಂದ ಹುಗ್ಗಿ ಕೌದಿಯ ಮೇಲೆ ತೊಟ್ಟಿಕ್ಕುತ್ತಿತ್ತು. ನಿಶಾತ ಇನ್ನೊಂದು ತುತ್ತು ಬಾಚಿಕೊಂಡು ಕಾಯುತ್ತಿತ್ತು.